ತೊಗರಿಬ್ಯಾಳಿ ಬಣ್ಣ

ಇಪ್ಪತ್ತೆರಡು ವರ್ಷ ವಾಡಿ ಪೋಸ್ಟಾಫೀಸಿನಾಗ
ಠಸ್ಸೆ ಹೊಡದ ಕೈ ಇದು.
ಈಗ ಠಸ್ಸೆ ಕಡಿಮಿ, ಕಂಪ್ಯೂಟರ್ ಹೆಚ್ಚು;
ಕೈಗೆ ಮಾತ್ರ ಏರಿ ಇಳಿಯೋ ಚಟ ಹೋಗಿಲ್ಲ.
ಬ್ಯಾರೆ ಕಾರಣ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ.

ಲಾಡ್ಲೇಸಾಬನ ಮೋಡಕಾ ಅಂಗಡಿಯಾಗ
ಲಾರಿಯ ಬ್ರೇಕ್ ಡ್ರಮ್ಮು, ಸೀಳು ಬಿಟ್ಟದ್ದು, ತೂಕದ ಲೆಕ್ಕದಾಗ.
ಮೊಳದುದ್ದ ರೈಲಿನ ಹಳಿ ತೋರಿಸಿದ.
"ಕದ್ದದ್ದಲ್ಲ ಮೇಡಂ, ಹರಾಜಿನ ಮಾಲು."
ರಸೀದಿ ಬೇಕಂದೆ. ಸರಕಾರಿ ನೌಕರಿ.
ಬೀಡಿ ಕಟ್ಟಿನ ಕಾಗದದ ಮ್ಯಾಲ ಬರದ:
ಕಬ್ಬಿಣ, ಮೂವತ್ತೊಂದು ಕಿಲೋ, ರೊಕ್ಕ ಮುಟ್ಟಿದೆ.
ಆಟೋದವ ಹಿಂದಿನ ಸೀಟಿನಾಗ ಹಳಿ ಕೂಡಿಸಿಕೊಂಡು
ದಾರಿತುಂಬ ಕನ್ನಡಿಯಾಗ ಅದನ್ನೇ ನೋಡಿದ.

ಗಾಳಿಗೆ, ಅಕ್ಕನ ಮಗಳು ಬ್ಯೂಟಿ ಪಾರ್ಲರ್ ಮುಚ್ಚಿದಾಗ ಉಳಿದ
ಗುಲಾಬಿ ಬಣ್ಣದ ಹೇರ್ ಡ್ರೈಯರ್.
ಎಷ್ಟು ಮದುಮಕ್ಕಳ ಜಡಿ ಒಣಗಿಸಿತ್ತೋ,
ಈಗ ಕಬ್ಬಿಣದ ಪೈಪಿಗೆ ಬಾಯಿ ಹಚ್ಚಿ
ಇದ್ದಲಿಗೆ ಊದ್ತದ.
ಇದ್ದಲಿ ಇಸ್ತ್ರಿ ಅಂಬಾರಾಯನ ಕಡಿಂದ, ಜಾಲಿದು.
ಇಕ್ಕಳ ಇರಲಿಲ್ಲ. ಅಡಗಿಮನಿ ಪಕ್ಕಡ ಒಯ್ದೆ;
ರಾಡಿಗಿಂತ ಮೊದಲು ಅದೇ ಕೆಂಪಾಯ್ತು.
ಆ ರಾತ್ರಿ ಹಾಲಿನ ಪಾತೇಲಿ ಸೆರಗಿಲೆ ಇಳಿಸಿದ್ದು.

ಮೊದಲ ದಿನ ಹಿತ್ತಲದಾಗ
ಶಹಾಬಾದ ಪರಸಿಯ ಮ್ಯಾಲೇ ಬೆಂಕಿ ಮಾಡಿದ್ದೆ.
ಹುಟ್ಟಿದಾಗಿಂದ ಬರಿಗಾಲಿಗೆ ತಂಪು ಕೊಟ್ಟ ಕಲ್ಲು
ಫಟ್ ಅಂತು.
ಚೂರೊಂದು ಕಿವಿ ಹಂತ್ಯಾಕ ಹಾರಿ
ತುಳಸಿ ಡಬ್ಬಿಗೆ ಬಡೀತು.
ಕಲ್ಲಿನ ಒಳಗೂ ನೀರಿರ್ತದಂತ
ನಲವತ್ತೇಳನೇ ವಯಸ್ಸಿಗೆ ತಿಳೀತು.
ನಮ್ಮವರು ಬಂದು ನೋಡಿ, ಏನೂ ಅನ್ನದೆ,
ಸ್ಕೂಟರಿನ ಹೆಲ್ಮೆಟ್ ತಂದು ನನ್ನ ತಲಿಗಿಟ್ಟು ಹೋದರು.

ರೈಲ್ವೆ ಗೇಟಿನ ಬಾಜೂಕ ಬಿಡಾರ ಹೂಡಿದ ಘಿಸಾಡಿ ಹೌಸಾಬಾಯಿ
ಸಪ್ಪಳ ಕೇಳೇ ಬಂದಳು.
"ಯಾರದು, ಬಾಗಲಾ ತಟ್ಟಿದಂಗ ಬಡೀಲತ್ತಾರ?"
ಡ್ರೈಯರ್ ನೋಡಿ ಕೆಮ್ಮು ಬರೂತನಕ ನಕ್ಕಳು.
ಆಮ್ಯಾಲ ಕುಂತು, ಬೆಂಕಿ ಕಡಿ ಮುಖ ಮಾಡಿ, ಅಂದಳು:
"ಮಣಿಕಟ್ಟಿಲೆ ಹೊಡೀಬ್ಯಾಡ, ಭುಜದಿಂದ ಬಿಡು.
ಭಾರ ಸುತ್ತಿಗಿಗೇ ಅದ, ನೀ ಯಾಕ ಹೊರ್ತಿ?
ಕರಿಗೆಂಪಿದ್ದಾಗ ಹೊಡದ್ರ ಬಿರೀತದ.
ತೊಗರಿಬ್ಯಾಳಿ ಬಣ್ಣಕ್ಕ ಬರಲಿ.
ಬೆಳ್ಳಗಾಗಿ ಕಿಡಿ ಉಗುಳ್ತು ಅಂದ್ರ ಸುಟ್ಟಿತು, ಬಿಸಾಕು.
ಬಿಸಲಾಗ ಬಣ್ಣ ತಿಳಿಯಲ್ಲ; ಹೊತ್ತು ಮುಣಗಲಿ."

ಹೊತ್ತು ಮುಣಗಿತು.
ಬೇವಿನ ಎಲಿ ಮ್ಯಾಲ ಕುಂತ ಸಿಮೆಂಟಿನ ಧೂಳು
ಅಷ್ಟೇ ಬೆಳ್ಳಗ ಕಾಣ್ತಿತ್ತು.
ಗೂಡ್ಸು ಗಾಡಿ ಹಾಯ್ತು, ಐವತ್ತೆಂಟು ಡಬ್ಬಿ;
ನನ್ನ ಹಳಿ ತುಂಡು ಅಲುಗಲಿಲ್ಲ.
ಬ್ಯಾಳಿ ಬಣ್ಣ ಬಂತು.
ಭುಜದಿಂದ ಬಿಟ್ಟೆ.
ರಾಡು ಮಣೀತು, ಬಿಸಿನೀರಿನಾಗ ನಾದಿದ ಜೋಳದ ಹಿಟ್ಟಿನಂಗ,
ನಂಬಲಿಲ್ಲ, ಮತ್ತ ಹೊಡದೆ, ಮತ್ತ ಮಣೀತು.

ಒಂದು ಕೊಂಡಿ. ಸೊಟ್ಟ.
ಒಂದು ತುದಿ ಹುಣಸಿಬೀಜದಂಗ ಚಪ್ಪಟ.
"ಎಷ್ಟಕ್ಕ ಮಾರ್ತಿ?" ಅಂದಳು.
ಮಾರಲ್ಲ. ಸುಮ್ನ, ಖುಷಿಗೆ.
"ಖುಷಿಗೆ."
ಖೊಟ್ಟಿ ನಾಣ್ಯ ಬಡದು ನೋಡಿದಂಗ
ಆ ಮಾತು ಒಮ್ಮೆ ಅಂದು ನೋಡಿದಳು.
ಆಕಿ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ.

ಎರಡು ಖುರ್ಪಿ ತಗೊಂಡೆ, ಹೇಳಿದಷ್ಟು ಕೊಟ್ಟೆ.
ಅದಕ್ಕೇ ಸಿಟ್ಟು ಬಂತು ಆಕಿಗೆ:
"ಎರಡು ನೂರಂದ್ರ ನೂರಾ ಇಪ್ಪತ್ತಕ್ಕ ಕೇಳಬೇಕವ್ವಾ,
ಅದೂ ನಾನೇ ಕಲಿಸ್ಲೇನು?"

ಮರುದಿನ ಕೊಂಡಿಗೆ ಹೆಲ್ಮೆಟ್ ತೂಗುಹಾಕಿ ಆಫೀಸಿಗೆ ಬಂದೆ.
ರಿಜಿಸ್ಟರ್ ಕಾಗದ ಬಂತು. ಠಸ್ಸೆ ಎತ್ತಿದೆ.
ಅಂಟಿನ ಡಬ್ಬಿ ಜಿಗೀತು.
ಪಿಂಚಣಿ ಸಾಲಿನಿಂದ ರೇವಣಸಿದ್ದಪ್ಪ ಮಾಸ್ತರು
"ಯಾಕವ್ವಾ ಜಗದೇವಿ, ಯಾರ ಮ್ಯಾಲ ಸಿಟ್ಟು?"
ಸಿಟ್ಟಿಲ್ರಿ ಸರ್, ಅಂದೆ.
ತಾರೀಖು ಕೆಳಗಿನ ಮೂರು ಹಾಳಿಗೂ ಮೂಡಿತ್ತು.